ಮುರಗೆಪ್ಪನ ಹೊಲ ಕೆಡಿಸಿದ ರಾಡಿ

ಶಿರಗುಪ್ಪಿ ಕಡೆಯ ನಮ್ಮೂರ ಕೆರೆ ಈ ಬೇಸಿಗೆಯಲ್ಲಿ ಹಸಿರು ಬಣ್ಣ ಕಲಸಿಟ್ಟಂತೆ ಆಗಿತ್ತು. ಆ ನೀರು ಕುಡಿದ ನಮ್ಮ ಎಮ್ಮೆಯ ಕರು ಸಂಜೆಯೊಳಗೆ ಸತ್ತಿತು. ತಾಯೆಮ್ಮೆಗೆ ದೂರದ ಬೋರಿನಿಂದ ನೀರು ಹೊತ್ತು ತಂದೆ. ಮುಂದಿನ ಬೇಸಿಗೆಗೂ ಕೆರೆ ಹೀಗೇ ಇದ್ದರೆ ಎಮ್ಮೆಯನ್ನು ಮಾರದೆ ಗತಿಯಿರಲಿಲ್ಲ.

ಮಗಳು ಪೂನಮ ಚಿಕ್ಕೋಡಿಯಲ್ಲಿ ಬಿ.ಎಸ್ಸಿ. ಓದುತ್ತಾಳೆ. "ಕಬ್ಬಿಗೆ ಹಾಕಿದ ಗೊಬ್ಬರ ನೀರಿನ ಜೋಡಿ ಹರದ ಕೆರಿಗೆ ಬರತೈತಿ ಬೇ. ಅದರಾಗಿನ ರಂಜಕ, ಫಾಸ್ಫರಸ್ ಅಂತಾರಲ್ಲ, ಅದನ್ನ ತಿಂದ ಪಾಚಿ ಬೆಳಿತೈತಿ," ಎಂದಳು.

ಕೆರೆಗೆ ನೀರು ತರುವ ಕಾಲುವೆ ಬರುವುದು ಮುರಗೆಪ್ಪನ ಕಬ್ಬಿನ ಹೊಲ ದಾಟಿ. ನಾನು ಕೂಲಿಗೆ ಹೋಗುವುದೂ ಅವನ ಹೊಲಕ್ಕೇ. ಹೋದ ವರ್ಷ ಅವನು ಕುಡಿಯುವ ನೀರಿನ ಘಟಕದಿಂದ ರಾಡಿ ಹೇರಿಸಿಕೊಂಡು ಬಂದಿದ್ದ. ಹೊಳೆಯ ನೀರು ತಿಳಿಯಾಗಲೆಂದು ಆಲಂ ಹಾಕಿದಾಗ ತಳಕ್ಕೆ ಕೂರುವ ರಾಡಿ ಅದು. ಕೆರೆಯ ಹೂಳಿನಂತೆ ಕಸುವಿರುತ್ತದೆಂದು ತಿಳಿದು ಹೊಲಕ್ಕೆ ದಪ್ಪಗೆ ಹರಡಿಸಿದ. ಅಷ್ಟು ಜಾಗದಲ್ಲಿ ಕಬ್ಬು ಮೊಣಕಾಲಿನ ಮೇಲೆ ಏಳಲೇ ಇಲ್ಲ.

ಆ ಕುಳ್ಳ ಕಬ್ಬು ನೋಡಿ ಪೂನಮ ನಿಂತುಬಿಟ್ಟಳು. "ಅವ್ವಾ, ಈ ರಾಡಿ ರಂಜಕ ಹಿಡಕೊಂಡ ಬೆಳಿಗೆ ಬಿಡಾಂಗಿಲ್ಲ. ಹೊಲದಾಗ ಅದ ತಪ್ಪಾತು. ಕಾಲುವ್ಯಾಗ ಅದ ಬೇಕು."

ಮಗಳ ಮಾತೆಂದು ಸುಮ್ಮನೆ ಒಪ್ಪಲಿಲ್ಲ. ಕೆರೆಯ ನೀರನ್ನು ಎರಡು ಬಕೆಟಿನಲ್ಲಿ ಬಿಸಿಲಿಗಿಟ್ಟೆ. ಒಂದಕ್ಕೆ ಮಾತ್ರ ಒಣಗಿದ ರಾಡಿಯ ಹೆಂಟೆಗಳನ್ನು ಬಟ್ಟೆಯಲ್ಲಿ ಕಟ್ಟಿ ಬಿಟ್ಟೆ. ರೊಟ್ಟಿ ಬಡಿದು, ಪಾತ್ರೆ ತೊಳೆದು, ದಿನಾ ಹೋಗಿ ಬಗ್ಗಿ ನೋಡುತ್ತಿದ್ದೆ. ರಾಡಿ ಇಲ್ಲದ ಬಕೆಟು ಇನ್ನಷ್ಟು ಹಸಿರಾಯಿತು. ಇನ್ನೊಂದರಲ್ಲಿ ಬರಬರುತ್ತ ತಳ ಕಾಣಿಸಿತು.

ಘಟಕದವರನ್ನು ಕೇಳಿದರೆ, "ಒಯ್ರಿ ಅಕ್ಕಾರ, ಅದನ್ನ ಎಲ್ಲಿ ಚೆಲ್ಲೂದಂತ ನಮಗ ತಲಿನೋವಾಗೇತಿ," ಎಂದರು. ಒಣ ಹೆಂಟೆಗಳನ್ನು ಉಳ್ಳಾಗಡ್ಡಿಯ ಜಾಳಿಗೆ ಚೀಲಗಳಲ್ಲಿ ತುಂಬಿ, ನೀರು ಸೋಸಿ ಹೋಗುವಂತೆ ಕಾಲುವೆಗೆ ಅಡ್ಡಲಾಗಿ ಒಟ್ಟತೊಡಗಿದೆವು.

ಮುರಗೆಪ್ಪ ಮೋಟಾರ್‌ಸೈಕಲ್ ನಿಲ್ಲಿಸಿ ಇಳಿದ. "ಬಿ.ಎಸ್ಸಿ. ಕಲಿತ ರಾಡಿ ಹೊರಾಕತ್ತೀಯೇನ ಪೂನಮ?"

"ನೀವು ಕಲೀಲಾರದನ ಹೊತ್ತಿದ್ರಲ್ಲ ಕಾಕಾ."

ಅವನು ನನ್ನ ಕಡೆ ತಿರುಗಿದ. "ಮಂಗಲಾ, ನನ್ನ ಹೊಲಾ ಕೆಡಿಸಿದ ರಾಡಿ ಇದು."

"ಅದಕ್ಕ ತಂದೇನ್ರಿ ಅಣ್ಣಾರ. ಹೊಲದಾಗ ಗೊಬ್ಬರದ ಕಸುವು ಹಿಡದಿಟ್ಟಂಗ ಇಲ್ಲೂ ಹಿಡೀತೈತಿ. ಕೆರಿಗೆ ಬಿಡೂದಿಲ್ಲ."

"ಅಂದ್ರ ಕೆರಿ ಕೆಟ್ಟಿದ್ದು ನನ್ನ ಗೊಬ್ಬರದಿಂದ ಅಂತೀ?"

"ಹೌದ್ರಿ. ನಿಮ್ಮದೂ ಐತಿ, ಮ್ಯಾಲಿನ ಹೊಲದವರದೂ ಐತಿ."

ಅವನ ಮುಖ ಕೆಂಪಾಯಿತು. "ಇವನ್ನೆಲ್ಲಾ ತಗೀ. ಇಲ್ಲಂದ್ರ ನಾಳಿಂದ ಕೂಲಿಗೆ ಬರಬ್ಯಾಡ."

ಪೂನಮ ನನ್ನ ಸೆರಗು ಹಿಡಿದು, "ಅವ್ವಾ, ಬ್ಯಾಡ ಬಾ," ಎಂದಳು. ಅವಳ ಕೈಯನ್ನು ನನ್ನ ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ: "ಬರೂದಿಲ್ರಿ. ಚೀಲಾ ಮಾತ್ರ ಇಲ್ಲೇ ಇರತಾವ."

ಅವನು ಚೀಲ ಎಳೆಯಲು ಬಗ್ಗಿದ. ನಾನು ಕಾಲುವೆಗಿಳಿದು ಅದರ ಮೇಲೆ ಕೂತೆ.

"ಏಳ ಮಂಗಲಾ, ಮಂದಿ ನೋಡಾಕತ್ತಾರ."

"ನೋಡ್ಲಿ ಬಿಡ್ರಿ."

"ಕೆರಿ ತಿಳಿ ಆಗಲಿಲ್ಲಂದ್ರ?"

"ನಾನ ಬಂದ ತಗೀತೇನಿ. ಅಲ್ಲೀತನಕ ಯಾರೂ ಮುಟ್ಟಬ್ಯಾಡ್ರಿ."

ಅವನು ಚೀಲ ಬಿಟ್ಟು ಗಾಡಿ ಹತ್ತಿ ಹೋದ. ನಾಳೆ ಯಾರ ಹೊಲಕ್ಕೆ ಕೂಲಿಗೆ ಹೋಗುವುದೋ ಗೊತ್ತಿರಲಿಲ್ಲ. ನೀರು ನನ್ನ ಸೀರೆ ತೋಯಿಸಿ, ಚೀಲಗಳ ನಡುವೆ ಸೋಸಿ ಕೆರೆಯತ್ತ ಇಳಿಯುತ್ತಿತ್ತು.

"ಪೂನಮ, ಇನ್ನೊಂದ ಚೀಲಾ ಕೊಡ," ಎಂದೆ.