ಗೋಡೆಯಿಲ್ಲದ ಕಟ್ಟಡ

ನಿಜಾಮರ ಕಾಲದಲ್ಲಿ, ಕಲ್ಲಿನ ಗಣಿಯಿಂದ ನಾಲ್ಕು ಕಾಸು ಕಂಡಿದ್ದ ಮನ್ಮಥಪ್ಪ ತಾಂಡೂರಿನ ಸ್ಟೇಷನ್ ರಸ್ತೆಯಲ್ಲಿ ಎರಡಂತಸ್ತಿನ ಕಟ್ಟಡ ಎಬ್ಬಿಸಿದ. ಕಾರಣ ಒಂದೇ ಮಾತು. ಹೈದರಾಬಾದಿನಿಂದ ಬಂದ ಸಾಹೇಬರೊಬ್ಬರು ಅವನ ಖಾಲಿ ಜಾಗದಲ್ಲಿ ನಿಂತು, "ವಾಹ್, ಕ್ಯಾ ಹವಾ ಹೈ!" ಎಂದಿದ್ದರು. ಸಾಹೇಬರು ರೈಲು ಹತ್ತಿ ಹೋದರು; ಮನ್ಮಥಪ್ಪ ಪಾಯ ತೋಡಿಸಿದ.

"ಗಾಳಿ ಬಾಡಿಗಿ ಕೊಡ್ತದೇನ್ರಿ?" ಎಂದಳು ಹೆಂಡತಿ ಶಾಂತಾಬಾಯಿ.

"ಮ್ಯಾಲ ಆಫೀಸರ್ ಮಂದಿ, ಕೆಳಗ ದುಕಾನ. ತಿಂಗಳಿಗಿ ಅರವತ್ತು ರೂಪಾಯಿ. ಹನ್ನೆರಡು ವರ್ಷಕ್ಕ ಹಾಕಿದ್ದೆಲ್ಲಾ ವಾಪಸ್!"

ಆಫೀಸರು ಯಾರೂ ಬರಲಿಲ್ಲ. ನೀರಿನ ಕೊಡ ಹೊತ್ತು ಇಪ್ಪತ್ತೆರಡು ಮೆಟ್ಟಿಲು ಹತ್ತುವ ಉಮೇದು ಊರವರಿಗಿರಲಿಲ್ಲ. ಅಂಗಡಿ ನೋಡಲು ಬಂದ ಬಟ್ಟೆ ವ್ಯಾಪಾರಿ ಶಂಕ್ರೆಪ್ಪ ತಲೆ ಎತ್ತಿ ನೋಡಿ, "ಮ್ಯಾಲಿನ ಅಂತಸ್ತಿನಾಗ ಯಾವನೋ ನನ್ನ ಪೂಜಿ ಜಗಲಿ ನೆತ್ತಿ ಮ್ಯಾಲ ಉಚ್ಚಿ ಹೊಯ್ಯೋದು ಬ್ಯಾಡ್ರಿ" ಎಂದು ಹೊರಟೇಹೋದ. ವರ್ಷವಿಡೀ ಅಲ್ಲಿ ಸಂಸಾರ ಹೂಡಿದ್ದು ಪಾರಿವಾಳಗಳು ಮಾತ್ರ.

ಒಂದು ದಿನ ಶಾಂತಾಬಾಯಿ ಮನೆಯ ತೊಗರಿ ಒಣಗಿಸಲು ಕಟ್ಟಡದ ತುದಿಯ ಬಯಲು ಮಾಳಿಗೆ ಹತ್ತಿದಳು. ಹಾಸಿದ್ದು ತಮ್ಮದೇ ಗಣಿಯ ನುಣುಪು ಕಲ್ಲು. ಮಣ್ಣಿಲ್ಲ, ಆಡಿನ ಕಾಟವಿಲ್ಲ. ಮೂರು ದಿನದ ಕೆಲಸ ಎರಡೇ ದಿನಕ್ಕೆ ಮುಗಿಯಿತು. ಕೆಳಗೆ ಬೇಳೆ ವ್ಯಾಪಾರಿ ಭೀಮಶಾ ರಸ್ತೆಯಲ್ಲಿ ಹರವಿದ ತೊಗರಿಯಿಂದ ಎಮ್ಮೆ ಓಡಿಸುತ್ತಿದ್ದ.

"ಚೀಲಕ್ಕ ಒಂದಾಣೆ ಕೊಡ್ರಿ, ಮ್ಯಾಲ ತರ್ರಿ!" ಎಂದು ಅವಳು ಕೂಗಿದಳು.

ಆ ಸುಗ್ಗಿಯಲ್ಲಿ ಊರಿನ ಬೇಳೆ ವ್ಯಾಪಾರಿಗಳೆಲ್ಲ ಮಾಳಿಗೆಗೆ ಸಾಲು ಹಚ್ಚಿ ನಿಂತರು. ಮನ್ಮಥಪ್ಪ ಹುರುಪಿಗೆ ಬಿದ್ದ. "ಇನ್ನೊಂದು ಅಂತಸ್ತು ಕಟ್ಟೂಣು!"

"ಎಷ್ಟ ಅಂತಸ್ತು ಕಟ್ಟಿದ್ರೂ ಮಾಳಿಗಿ ಒಂದೇ ಇರ್ತದ. ಇನ್ನೂ ಮ್ಯಾಲ ಹೊರಾಕ ಹಮಾಲರು ಕೂಲಿ ಡಬಲ್ ಕೇಳ್ತಾರ. ನಮ್ಮ ಹಿಂದಿನ ಹೊಲದಾಗ ನಿಮ್ಮ ಗಣಿ ಒಡಕಲ್ಲು ಹಾಸ್ರಿ, ಒಣಗಿಸ್ಲಿಕ್ಕ ಅಷ್ಟೇ ಸಾಕು" ಎಂದಳು ಶಾಂತಾಬಾಯಿ.

"ಗ್ವಾಡಿ ಇಲ್ಲದ್ದಕ್ಕ ಮಂದಿ ಬಿಲ್ಡಿಂಗ್ ಅಂತಾರೇನು?"

"ರೊಕ್ಕ ಅಂತಾರ್ರಿ."

ಅರ್ಧ ಎಕರೆ ಹಾಸಿದರು. ಖರ್ಚಾದದ್ದು ಕೂಲಿ, ಸುಣ್ಣ ಅಷ್ಟೇ. ಎರಡೇ ಸುಗ್ಗಿಯಲ್ಲಿ ಅದಕ್ಕೆ ಹಾಕಿದ್ದೆಲ್ಲ ಮರಳಿತು. ಈ ಕಲ್ಲುಹಾಸಿನ ಕಣ ಹತ್ತಿರವೆಂದು ಭೀಮಶಾ ಕಟ್ಟಡದ ಕೆಳಗಿನ ಅಂಗಡಿಗಳನ್ನೂ ಬಾಡಿಗೆಗೆ ಹಿಡಿದ. ಆದರೂ ಹೆಸರು ಹಾಕಿಸಲು ಕಣಕ್ಕೆ ಗೋಡೆಯಿಲ್ಲವೆಂದು ಮನ್ಮಥಪ್ಪನಿಗೆ ಅಸಮಾಧಾನ. ನೆಲದ ಮೇಲೆ ಹೆಸರು ಬರೆಸಿದರೆ ಜನ ತುಳಿಯುತ್ತಾರೆ. ಕಣದ ಮುಂದೆ ದೊಡ್ಡ ಕಮಾನು ಕಟ್ಟಿಸಿ, ಮೇಲೆ ತನ್ನ ಹೆಸರು ಕೆತ್ತಿಸಿದ.

ಚೀಲ ಹೇರಿದ ಬಂಡಿಗಳು ಅದಕ್ಕೆ ಸಿಕ್ಕಿಕೊಳ್ಳತೊಡಗಿದಾಗ ಶಾಂತಾಬಾಯಿ ಕಮಾನು ಕೆಡವಿಸಿದಳು. ಮನ್ಮಥಪ್ಪ ಎರಡು ದಿನ ಕಣದ ಕಡೆ ಹಾಯಲಿಲ್ಲ. ಮೂರನೆಯ ದಿನ ಬಂಡಿಗಳ ಸಾಲು ಕಂಡು, ಪಂಚೆ ಎತ್ತಿ ಕಟ್ಟಿ, ಚೀಲ ಇಳಿಸಲು ನಿಂತ.