ಬಾಲಪ್ಪ ಬಡಿದ ಹಿಡಿ

ಕುಷ್ಟಗಿಯ ಸರ್ಕಾರಿ ಬಂಗಲೆಗೆ ನೀರು ಹೊರುವ ಕಸ್ತೂರೆಮ್ಮನಿಗೆ ಅಂದು ಬೆಳಿಗ್ಗೆ ಒಂದೇ ಧ್ಯಾನ. ಮಾಳಿಗೆ ಮೇಲಿನ ಪೀಪಾಯಿ ತುಂಬಿಸಿ ಬೇಗ ಮನೆ ಸೇರಬೇಕು. ಮಗಳು ದುರಗಮ್ಮ ಮೊದಲ ಸಲ ಗಂಡನ ಮನೆಗೆ ಹೊರಟಿದ್ದಳು. ಹುಲಿಹೈದರದ ಬೀಗರು ಬಂಡಿ ತಂದು ಕೂತಿದ್ದರು. ರಾಹುಕಾಲ ಕೂಡುವ ಮುಂಚೆ ಬಂಡಿ ಹೊರಡಬೇಕು. ಅದಕ್ಕೂ ಮುಂಚೆ ತಾಯಿ ಕೈಯಾರೆ ಉಡಿ ತುಂಬಬೇಕು. ಅದಕ್ಕೆಂದೇ ಆಕೆ ಕೋಳಿ ಕೂಗುವ ಹೊತ್ತಿಗೆ ತಲೆಗೆ ನೀರು ಹಾಕಿಕೊಂಡು ಬಂದಿದ್ದಳು.

ಬೇಗ ಬಿಡಿಸಿಕೊಳ್ಳುವ ದಾರಿಯನ್ನು ಗಂಡ ಬಾಲಪ್ಪನೇ ಹುಡುಕಿದ್ದ. ಬಂಗಲೆಯ ಪಾಯಖಾನೆಯಲ್ಲಿ ಸರಪಳಿ ಜಗ್ಗಿದರೆ ನೀರು ಧುಮುಕುವ ತೊಟ್ಟಿಯೊಂದಿತ್ತು; ಅದಕ್ಕೆ ನೀರು ಮಾಳಿಗೆಯ ಪೀಪಾಯಿಯಿಂದಲೇ ಇಳಿಯುತ್ತಿತ್ತು. ಸರಪಳಿಯ ಕಟ್ಟಿಗೆಯ ಹಿಡಿ ಮುರಿದಿತ್ತು. ಕುಲುಮೆಯಲ್ಲಿ ಸುತ್ತಿಗೆ ಹೊಡೆಯುವ ಬಾಲಪ್ಪ ಚೌಕಿದಾರ ನೂರಸಾಬನಿಗೆ, "ಹಿಡಿ ನಾ ಮಾಡಿ ಕೊಡ್ತೀನಿ ಕಾಕಾ, ಪುಕ್ಕಟೆ. ನಾಳಿ ಆಕಿನ್ನ ಲಗೂನ ಬಿಡ್ರಿ" ಎಂದಿದ್ದ. ಗಟ್ಟಿ ಕಬ್ಬಿಣ ಬಡಿದು ನಿನ್ನೆ ಸಂಜೆ ತಾನೇ ತಂದು ಸಿಕ್ಕಿಸಿ ಹೋಗಿದ್ದ.

"ಆನಿ ಜೋತುಬಿದ್ರೂ ಮುರಿಯಂಗಿಲ್ಲ ನಿನ್ನ ಗಂಡನ ಹಿಡಿ" ಎಂದ ನೂರಸಾಬ. "ಆದ್ರ ಪೀಪಾಯಿ ಯಾಕೋ ಬರಿದಾಗೇತಿ. ತುಂಬಿಸಿ ಹೋಗವ್ವ. ಮಧ್ಯಾಹ್ನ ಸಾಹೇಬ್ರು ಬರ್ತಾರ, ನೀರಿಲ್ಲಂದ್ರ ನನ್ನ ತೊಗಲು ಸುಲೀತಾರ."

ಕಸ್ತೂರೆಮ್ಮ ಬಾವಿಗೂ ಮಾಳಿಗೆಗೂ ಓಡಿದಳು. ಇಪ್ಪತ್ತು ಕೊಡ ಸುರಿದರೂ ಪೀಪಾಯಿಯ ತಳ ಮಾತ್ರ ನೆನೆದಿತ್ತು. ಎಲ್ಲೋ ತೂತು ಬಿದ್ದಿದೆಯೆಂದು ನೂರಸಾಬ ಸುತ್ತಲೂ ಕೈಯಾಡಿಸಿ ನೋಡಿದ. ತೂತಿರಲಿಲ್ಲ. ಪಾಯಖಾನೆಯ ಕಡೆ ನೀರಿನ ಸದ್ದು ಕೇಳುತ್ತಲೇ ಇತ್ತು. ಆದರೆ ಉಡಿ ತುಂಬಲು ಮಡಿಯಾದ ಮೈಯಲ್ಲಿ ಅಲ್ಲಿ ಕಾಲಿಡುವುದು ಹೇಗೆ? ಪಾಯಖಾನೆ ತೊಳೆಯುವ ಜಾಡಮಾಲಿ ಇನ್ನೂ ಬಂದಿರಲಿಲ್ಲ. ಅದು ತನ್ನ ಕೆಲಸವಲ್ಲವೆಂದು ನೂರಸಾಬನೂ ಹೊಸ್ತಿಲು ದಾಟಲಿಲ್ಲ.

ಬಿಸಿಲು ಏರಿತು. ಕೊನೆಗೆ ಕೊಡ ಕೆಳಗಿಟ್ಟು ಆಕೆ ಒಳಹೊಕ್ಕಳು.

ಯಾರೂ ಜಗ್ಗದಿದ್ದರೂ ತೊಟ್ಟಿಯ ನೀರು ಸುರಿಯುತ್ತಿತ್ತು. ಹಿಡಿಯನ್ನು ಅಂಗೈಮೇಲೆ ಎತ್ತಿದಳು. ನೀರು ನಿಂತಿತು. ಬಿಟ್ಟಳು. ಮತ್ತೆ ಸುರಿಯಿತು. ಹಿಡಿಯ ಭಾರಕ್ಕೇ ಸರಪಳಿ ಜಗ್ಗಿ, ತೊಟ್ಟಿಯೊಳಗಿನ ಮುಚ್ಚಳ ರಾತ್ರಿಯೆಲ್ಲ ತೆರೆದೇ ಇತ್ತು.

ಹಿಡಿ ಬಿಚ್ಚಿ, ಅದರ ಜಾಗದಲ್ಲಿ ಒಂದು ತುಂಡು ಜಾಲಿ ಕಟ್ಟಿಗೆ ಕಟ್ಟಿದಳು. ಸದ್ದಡಗಿತು. ಪೀಪಾಯಿ ತುಂಬಲು ಮತ್ತೆ ಮೂವತ್ತು ಕೊಡ ಬೇಕಾದವು.

"ಕಾಕಾ, ಈ ಮಾತು ನಮ್ಮ ಮನಿಯವ್ರ ಕಿವಿಗೆ ಹಾಕಬ್ಯಾಡ್ರಿ" ಎಂದಳು ಹೊರಡುವಾಗ.

ನೂರಸಾಬ ಹಿಡಿಯನ್ನು ಕೈಯಲ್ಲಿ ತೂಗಿ ನೋಡಿ ತಲೆ ತಗ್ಗಿಸಿದ. "ಇಲ್ಲವ್ವ. ನೀ ಓಡು."

ಆಕೆ ಓಣಿ ಸೇರುವಷ್ಟರಲ್ಲಿ ಅಂಗಳದಲ್ಲಿ ಎತ್ತು ತಿಂದುಳಿದ ಸೊಪ್ಪಿ ಮಾತ್ರ ಬಿದ್ದಿತ್ತು. ಪಕ್ಕದ ಮನೆಯ ಕಳಕಮ್ಮ ಬರಿದಾದ ಮೊರ ಹಿಡಿದು ನಿಂತಿದ್ದಳು.

"ಉಡಿ ನಾನ ತುಂಬಿದೆ ಯವ್ವಾ. 'ಅವ್ವ ಬರ್ಲಿ, ಅವ್ವ ಬರ್ಲಿ' ಅಂತ ಸೆರಗು ಹಿಡಕೊಂಡು ಕೂತಿತ್ತು ಹುಡುಗಿ. ರಾಹುಕಾಲ ಬಂತಂತ ಬೀಗರು ಕೇಳಲಿಲ್ಲ."

ಕಸ್ತೂರೆಮ್ಮ ಕಟ್ಟೆಯ ಮೇಲೆ ಕುಸಿದಳು. ಒಳಗಿನಿಂದ ಬಂದ ಬಾಲಪ್ಪನ ಕಣ್ಣು ಕೆಂಪಾಗಿದ್ದವು.

"ಲಗೂ ಬಿಡ್ತೀನಿ ಅಂದಿದ್ನಲ್ಲ ಆ ಮುದುಕ. ಹಿಡಿ ಛಲೋ ಆಗಿರಲಿಲ್ಲೇನು?"

ಆಕೆ ಒದ್ದೆ ಸೆರಗನ್ನು ಹಿಂಡುತ್ತ, ಅವನ ಮುಖ ನೋಡದೆ ಹೇಳಿದಳು:

"ಛಲೋ ಆಗಿತ್ತು. ನಾನ ತಡಾ ಮಾಡಿದೆ."