ಮಾವನ ಆಂಪ್ಲಿಫಯರಿಗೆ ಕಬ್ಬಿಣದ ತಳ

ಸೊಟ್ಟಗಿದ್ದದ್ದನ್ನು ಕಂಡರೆ ತಗಡಿನ ಕೆಲಸದವನ ಕೈ ಸುಮ್ಮನಿರುತ್ತಿರಲಿಲ್ಲ. ಯಾರದೋ ಮನೆಗೆ ಮಾತಾಡಿಸಲು ಹೋದರೂ, ಮಾತಿನ ನಡುವೆಯೇ ಅಲ್ಲಿದ್ದ ಬಕೆಟ್ಟಿನ ನೆಗ್ಗಿದ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಸರಿಮಾಡಿಯೇ ಏಳುವವನು. ಕಾಳಿನ ಡಬ್ಬ, ಹಾಲಿನ ಕ್ಯಾನು, ಕೋಳಿಗೂಡಿನ ಬಾಗಿಲು, ಸುತ್ತಲ ಹಳ್ಳಿಗಳಲ್ಲಿ ಅವನ ಕೈ ಮುಟ್ಟದ ತಗಡು ಕಡಿಮೆ. ಇಷ್ಟಿದ್ದೂ ಸ್ವಂತ ಮಾವನ ಮನೆಯ ಒಂದು ವಸ್ತು ಮಾತ್ರ ವರ್ಷಗಳಿಂದ ಅವನ ಕಣ್ಣಿಗೆ ಚುಚ್ಚುತ್ತಿತ್ತು.

ಅದು ಮಾವನ ಆಂಪ್ಲಿಫಯರು. ಮಾವ ಬದುಕಿಡೀ ರೇಡಿಯೋ ರಿಪೇರಿ ಮಾಡಿದವನು. ಹಳೆಯ ರೇಡಿಯೋಗಳ ಗಾಜಿನ ವಾಲ್ವುಗಳದ್ದೇ ಆಗಬೇಕೆಂದು ಹಟ ಹಿಡಿದು ಅದನ್ನು ಕಟ್ಟಿಕೊಂಡಿದ್ದ. ಅದರ ದೊಡ್ಡ ಟ್ರಾನ್ಸ್‌ಫಾರ್ಮರಿಗೆ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸುತ್ತು ಸುತ್ತಾಗಿ ತಾನೇ ಸುತ್ತಿದ್ದ. ಈಗ ಅವನ ಬೆರಳು ನಡುಗುತ್ತವೆ. ಇನ್ನೊಂದನ್ನು ಸುತ್ತುವ ಮಾತಿಲ್ಲ. ಅಂಗಡಿಯಲ್ಲೂ ಅಂಥದ್ದು ಸಿಗುವ ಕಾಲ ಹೋಯಿತು. ಸಂಜೆಯಾದರೆ ಅದರ ಮುಂದೆ ಕೂತು ಹಳೆಯ ಹಾಡು ಕೇಳುವುದೊಂದೇ ಅವನಿಗೆ ಉಳಿದ ಸುಖ.

ಇಂಥ ಯಂತ್ರ ಕೂತಿದ್ದದ್ದು ಮಾತ್ರ ಒಂದು ತೆಳು ಅಲ್ಯೂಮಿನಿಯಂ ತಗಡಿನ ಮೇಲೆ. ಟ್ರಾನ್ಸ್‌ಫಾರ್ಮರಿನ ಭಾರಕ್ಕೆ ನಡು ಜಗ್ಗಿ, ಹಗ್ಗ ಸಡಿಲಾದ ಮಂಚದಂತಾಗಿತ್ತು. 'ತಗಡಿನವನ ಮಾವನ ಮನೆಯಲ್ಲಿ ಇಂಥ ತಳವೇ!' ಎಂದು ಅಳಿಯ ಒಳಗೊಳಗೇ ಕುದಿಯುತ್ತಿದ್ದ. ಮಾವ ಕಣ್ಣಿನ ಆಪರೇಷನ್ನಿಗೆಂದು ಅತ್ತೆಯ ಜೊತೆ ಪೇಟೆಗೆ ಹೋದದ್ದೇ ತಡ, ಆಂಪ್ಲಿಫಯರನ್ನು ಹೊತ್ತು ತಂದು ತನ್ನ ಕೆಲಸದ ಮೇಜಿನ ಮೇಲಿಟ್ಟ. ವಾಪಸು ಬರುವಷ್ಟರಲ್ಲಿ ಹೊಸ ತಳ ಹಾಕಿ ಬೆರಗುಗೊಳಿಸಬೇಕು.

ಕಾಳಿನ ಕಣಜಕ್ಕೆಂದು ತಂದಿದ್ದ ದಪ್ಪ ಕಬ್ಬಿಣದ ತಗಡು ಕತ್ತರಿಸಿದ. ಅಂಚು ಮಡಿಸಿದ, ಮೂಲೆ ಬೆಸೆದ, ವಾಲ್ವುಗಳಿಗೆ ದುಂಡಗೆ ತೂತು ಕೊರೆದ. ತಂತಿಯ ಕೆಲಸ ಹೆಂಡತಿಯದು. ಅವಳು ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ಕೂತು ಬೆಸುಗೆ ಕಲಿತವಳು. ಯಾವ ತಂತಿ ಎಲ್ಲಿತ್ತೋ ಅಲ್ಲಿಗೇ ಹಚ್ಚಿದಳು. ಟ್ರಾನ್ಸ್‌ಫಾರ್ಮರ್ ಕೂರಿಸುವ ಕಿಂಡಿ ಮಾತ್ರ ಕೂದಲಿನಷ್ಟು ಬಿಗಿಯಾಗಿತ್ತು. ಅವಳು ನೀರು ಕುಡಿಯಲು ಒಳಗೆ ಹೋದಾಗ, ಕೈ ಅಭ್ಯಾಸಕ್ಕೆ, ಅವನು ಮರದ ಕೊಡತಿ ಎತ್ತಿ ಅದರ ನೆತ್ತಿಗೆ ಎರಡೇಟು ಕೊಟ್ಟ. ತಗಡಿನವರ ಲೋಕದಲ್ಲಿ ಕೊಡತಿಗೆ ಬಗ್ಗದ ವಸ್ತುವಿಲ್ಲ. ಟ್ರಾನ್ಸ್‌ಫಾರ್ಮರ್ ವಿಧೇಯವಾಗಿ ಇಳಿದು ಕೂತಿತು.

ಮರಳಿ ಮಾವನ ಮನೆಗೆ ಒಯ್ದು, ಜಾಗದಲ್ಲಿಟ್ಟು, ಸ್ಪೀಕರ್ ಜೋಡಿಸಿ ಸ್ವಿಚ್ ಹಾಕಿದರು. ವಾಲ್ವುಗಳು ಕೆಂಪಗಾದವು. ಹಾಡಿಗೂ ಮೊದಲು ಬಂದದ್ದು ಒಂದು ಗುಂಯ್‌ಗುಡುವ ಸದ್ದು, ದುಂಬಿಯೊಂದು ಮಡಕೆಯೊಳಗೆ ಸಿಕ್ಕಿಬಿದ್ದ ಹಾಗೆ.

"ಇದು ಮೊದಲು ಇರಲಿಲ್ಲ ಕಣ್ರೀ," ಅಂದಳು ಹೆಂಡತಿ. ತಂತಿಗಳನ್ನೆಲ್ಲ ಒಂದೊಂದಾಗಿ ನೋಡಿದಳು. "ನನ್ನ ಬೆಸುಗೆ ಸರಿಯಾಗೇ ಇದೆ. ಟ್ರಾನ್ಸ್‌ಫಾರ್ಮರೇ ಕೆಟ್ಟಿತೋ ಏನೋ. ನೀವೇನಾದ್ರೂ ಮಾಡಿದ್ರಾ?"

"ನಾನೇನು ಮಾಡ್ಲಿ?" ಅಂದುಬಿಟ್ಟ. ಆ ಎರಡು ಏಟು ಒಳಗಿನ ತಂತಿಯನ್ನೇ ಜಜ್ಜಿಹಾಕಿರಬೇಕು. ಮುದುಕನ ಬೆರಳಿಗೆ ಮರಳಿ ಬಾರದ ಕೆಲಸವನ್ನು ತಾನು ಒಂದು ಕ್ಷಣದಲ್ಲಿ ಹಾಳುಮಾಡಿದ್ದ. ಇರಲಾರದೆ ಇರುವೆ ಬಿಟ್ಟುಕೊಂಡದ್ದಕ್ಕೆ ಯಾರನ್ನು ಬಯ್ಯುವುದು? ಊಟಕ್ಕೆ ಕರೆದರೂ ಹಸಿವಿಲ್ಲವೆಂದ.

ಸದ್ದಡಗಿಸುವ ದಾರಿ ಕಾಣುವ ಮೊದಲೇ ಬಾಗಿಲಲ್ಲಿ ಬಾಡಿಗೆ ಗಾಡಿ ನಿಂತಿತು. ಕಪ್ಪು ಕನ್ನಡಕದ ಮಾವ ಅತ್ತೆಯ ಹೆಗಲು ಹಿಡಿದು ಒಳಬಂದ. ಹೊಸಿಲು ದಾಟಿದವನೇ ನಿಂತುಬಿಟ್ಟ.

"ಯಾರೋ ಅಳ್ತಿದಾರಲ್ಲ ಒಳಗೆ?"

"ಅಪ್ಪಾ, ನಿಮ್ಮ ಅಳಿಯಂದ್ರು ಹೊಸ ತಳ ಮಾಡಿದಾರೆ," ಅಂದಳು ಮಗಳು. ಅಳಿಯ ಇಂಗು ತಿಂದ ಮಂಗನಂತೆ ನಿಂತಿದ್ದ.

ಮಾವ ಕುರ್ಚಿ ಎಳೆದುಕೊಂಡು ಕೂತ. ಬಗ್ಗಲು ಹೋದರೆ ಅತ್ತೆ ಭುಜ ಹಿಡಿದು ಹಿಂದಕ್ಕೆಳೆದಳು. "ಡಾಕ್ಟರು ಬಗ್ಗಬೇಡಿ, ಭಾರ ಎತ್ತಬೇಡಿ ಅಂತ ಬಡ್ಕೊಂಡಿದಾರೆ. ಕಣ್ಣು ಕಳಚಿ ಬಿದ್ರೆ ಅದನ್ನೂ ಬೆಸುಗೆ ಹಾಕ್ತೀರಾ?"

"ಸರಿ ಮಾರಾಯ್ತಿ, ಬಾಯಿ ಆಡಿಸಬಹುದಲ್ಲ? ಅಳಿಯಂದ್ರೇ, ವಾಲ್ಯೂಮ್ ಪೂರ್ತಿ ಇಳಿಸಿ."

ಇಳಿಸಿದ. ಹಾಡು ನಿಂತಿತು, ಗುಂಯ್ ನಿಲ್ಲಲಿಲ್ಲ.

"ಪ್ಲಗ್ ಕಿತ್ತು, ಒಳಗೆ ಉಳಿದ ಕರೆಂಟು ಇಳಿಯೋ ತನಕ ಕಾಯಿರಿ. ಆಮೇಲೆ ಟ್ರಾನ್ಸ್‌ಫಾರ್ಮರ್ ಮೂಸಿ ನೋಡಿ."

ಅಳಿಯ ಮೂಗು ತಾಗಿಸಿದ. "ಸುಟ್ಟ ವಾಸನೆ ಇಲ್ಲ ಮಾವ."

"ಬಿಸಿ?"

"ಕಾವಿಗೆ ಕೂತ ಕೋಳಿ ಹೊಟ್ಟೆಯಷ್ಟು."

ಮಾವ ಕುಳಿತಲ್ಲಿಂದಲೇ ಕೈ ಚಾಚಿ ಹೊಸ ತಳವನ್ನು ಗೆಣ್ಣಿನಿಂದ ತಟ್ಟಿದ. "ಕಬ್ಬಿಣಾನಾ?"

"ಹೂಂ ಮಾವ. ದಪ್ಪದ್ದು. ಆನೆ ನಿಂತರೂ ಬಗ್ಗಲ್ಲ."

"ಆನೆ ಕಟ್ಟೋಕೆ ಅಂತ ನಾನು ಇದನ್ನ ಮಾಡಿದ್ನಾ?" ಮಾವ ನಗಲಿಲ್ಲ. "ಟ್ರಾನ್ಸ್‌ಫಾರ್ಮರಿನ ನಾಲ್ಕು ಬೋಲ್ಟ್ ಬಿಚ್ಚಿ. ಮೇಲಕ್ಕೆತ್ತಿ, ಕೆಳಗೆ ಎರಡು ಕಡೆ ಮರದ ಪಟ್ಟಿ ಕೊಡಿ. ಕಬ್ಬಿಣಕ್ಕೆ ತಾಗಬಾರದು. ಜೋಪಾನ, ಇನ್ನೊಂದು ಸುತ್ತೋಕೆ ನನ್ನ ಕೈಲಾಗಲ್ಲ."

ಬೋಲ್ಟಿಗೆ ಹಚ್ಚಿದ ಸ್ಪ್ಯಾನರ್ ಅಲ್ಲಿಗೇ ನಿಂತಿತು.

"ಮಾವ, ಒಂದು ಮಾತು. ಕೂರಿಸುವಾಗ ಬಿಗಿಯಾಯ್ತು. ಕೊಡತಿ ತಗೊಂಡು ಎರಡೇಟು ಹಾಕಿದೀನಿ."

"ಏನ್ರೀ!" ಹೆಂಡತಿ ಹಣೆ ಚಚ್ಚಿಕೊಂಡಳು. "ಕೇಳಿದ್ರೆ ನಾನೇನು ಮಾಡ್ಲಿ ಅಂದ್ರಲ್ಲ!"

ಮಾವನ ಮುಖದಲ್ಲಿ ಏನಿದೆಯೆಂದು ಕಪ್ಪು ಕನ್ನಡಕ ತೋರಗೊಡಲಿಲ್ಲ. "ಮೊದಲು ಎತ್ತಿ," ಅಂದ ಅಷ್ಟೇ.

ಎತ್ತಿದ. ಹೆಂಡತಿ ಎರಡು ಮರದ ಪಟ್ಟಿ ತಂದು ಕೊಟ್ಟಳು. ಅಷ್ಟು ಮೇಲೆತ್ತಿದರೂ ಕೆಳಗಿನ ತಂತಿಗಳ ಉದ್ದ ಸಾಲುತ್ತಿತ್ತು. ಎಲ್ಲರೂ ಕೈ ಹಿಂದಕ್ಕೆ ತೆಗೆದ ಮೇಲೆ ಪ್ಲಗ್ ಸಿಕ್ಕಿಸಿ ಸ್ವಿಚ್ ಹಾಕಿದ. ವಾಲ್ವುಗಳು ಕೆಂಪಾದವು. ಗುಂಯ್ ಬರಲಿಲ್ಲ. ಸ್ಪೀಕರಿಗೆ ಕಿವಿ ಅಂಟಿಸಿದರೆ ಮಾತ್ರ ದೂರದಲ್ಲೆಲ್ಲೋ ಸೊಳ್ಳೆಯೊಂದು ಹಾರಿದಂತಿತ್ತು.

ಅವನು ಸ್ಪೀಕರಿನಿಂದ ಕಿವಿ ಕಿತ್ತು ಮಾವನ ಕಡೆ ತಿರುಗಿದ. "ಹಾಗಾದ್ರೆ ಅದು ಕೆಟ್ಟಿಲ್ವಾ ಮಾವ?"

"ಎಲ್ಲಿ ಕೆಟ್ಟಿದೆ! ಕರೆಂಟು ಹರಿಯುವಾಗ ಅದರ ಸುತ್ತ ಅಯಸ್ಕಾಂತದ ಸೆಳೆತ ಇರುತ್ತೆ. ಅಲ್ಯೂಮಿನಿಯಂ ಅದನ್ನ ಕ್ಯಾರೇ ಅನ್ನಲ್ಲ. ಕಬ್ಬಿಣ ಚಾಡಿಕೋರನ ಜಾತಿ. ಇಲ್ಲಿ ಕೇಳಿದ್ದನ್ನ ಅಲ್ಲಿಗೆ ಒಯ್ದು ಊದುತ್ತೆ. ಆ ಕಡೆ ಸ್ಪೀಕರಿಗೆ ಹಾಡು ಕಳಿಸೋ ಇನ್ನೊಂದು ಚಿಕ್ಕ ಟ್ರಾನ್ಸ್‌ಫಾರ್ಮರ್ ಕೂತಿದೆ, ಅದರ ಕಿವಿಗೆ ಬಿದ್ರೆ ಮುಗೀತು, ಸ್ಪೀಕರಲ್ಲಿ ಗುಂಯ್."

"ಆದ್ರೂ ಕೊಡತಿ ಏಟು..."

ಈಗ ಮಾವ ನಕ್ಕ. ಹೊಟ್ಟೆ ಕುಣಿಯುವಂತೆ ನಕ್ಕ. "ಅದರ ಒಳಗಿನ ತಗಡುಗಳನ್ನ ಒಂದರ ಮೇಲೊಂದು ಕೂರಿಸೋಕೆ ನಾನೆಷ್ಟು ಹೊಡೆದಿದೀನಿ ಗೊತ್ತಾ? ನಿಮ್ಮ ಎರಡೇಟು ಅದಕ್ಕೆ ಬೆನ್ನು ಸವರಿದ ಹಾಗೆ."

"ಅಯ್ಯೋ, ಆ ಹೊಡೆತ!" ಅಂದಳು ಅತ್ತೆ. "ತೊಟ್ಟಿಲಲ್ಲಿ ಇವಳು ಬೆಚ್ಚಿ ಬೀಳೋದು, ನಾನು ತೂಗೋದು, ಇವರು ಮತ್ತೆ ಹೊಡೆಯೋದು. ಇವಳ ಮೊಂಡುತನಕ್ಕೆ ಅದೇ ಕಾರಣ."

"ನನ್ನ ಸುದ್ದಿ ಯಾಕೀಗ?" ಅಂದಳು ಮಗಳು. ಗಂಡನನ್ನು ನೋಡಿದಾಗ ಅವಳಿಗೂ ನಗು ತಡೆಯಲಾಗಲಿಲ್ಲ.

ಮಾವ ಹಾಡು ಹಾಕಿಸಿದ. ಹಾಡುವ ಹೆಂಗಸು ಸಾಲಿನ ನಡುವೆ ಮೆಲ್ಲಗೆ ಉಸಿರೆಳೆದುಕೊಂಡದ್ದು ಕೇಳಿಸಿತು. ಮುದುಕ ಕನ್ನಡಕದ ಹಿಂದೆ ಕಣ್ಣು ಮುಚ್ಚಿದನೆಂದು ಅಳಿಯನಿಗೆ ಅನಿಸಿತು.

"ಹೊಸ ತಳ ಬೇಕೇ ಬೇಕು," ಅಂದ ಮಾವ ಹಾಡು ಮುಗಿದ ಮೇಲೆ. "ನನ್ನದು ಜಗ್ಗಿತ್ತು, ಸುಳ್ಳಲ್ಲ. ಅಲ್ಯೂಮಿನಿಯಮ್ಮಲ್ಲೇ ಮಾಡಿ, ಸ್ವಲ್ಪ ದಪ್ಪದ್ದು. ತೆಳು ಆದ್ರೆ ತಟ್ಟಿದಾಗ ಗಂಟೆ ಥರ ಮೊಳಗಿ ವಾಲ್ವುಗಳಿಗೂ ನಡುಕ ಹತ್ತಿಸುತ್ತೆ. ಅಡ್ಡಪಟ್ಟಿ ಎಲ್ಲಿ ಹಾಕಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ."

"ಈ ಕಬ್ಬಿಣದ್ದು ನನಗಿರ್ಲಿ," ಅಂದಳು ಅತ್ತೆ. "ಇಷ್ಟು ತೂತು ಇದೆ, ನೀರು ಇಳಿಯುತ್ತೆ, ಸಸಿ ಇಡೋಕೆ ಚೆನ್ನಾಗಿದೆ."

"ತಗೊಳ್ಳಿ ಅತ್ತೆ, ಆನೆ ಮೆಟ್ಟಿದ್ರೂ ನಿಮ್ಮ ಕುಂಡಕ್ಕೆ ಏನೂ ಆಗಲ್ಲ," ಅಂದ ಅಳಿಯ. ತನ್ನ ಮಾತಿಗೆ ತಾನೇ ನಕ್ಕ. ನಗುವಾಗ ಹೊಟ್ಟೆ ಬೆನ್ನಿಗೆ ಅಂಟಿರುವುದು ಗೊತ್ತಾಯಿತು.

"ಊಟಕ್ಕೇನಾದ್ರೂ ಇದೆಯೇನೇ?" ಎಂದು ಹೆಂಡತಿಯನ್ನು ಕೇಳಿದ.

"ಆಗ ಹಸಿವಿಲ್ಲ ಅಂದ್ರಲ್ಲ?"

"ಆಗ ಇರಲಿಲ್ಲ," ಅಂದು ಅವನು ಕೈ ತೊಳೆಯಲು ಎದ್ದ.